ತಾಯಿಯ ಭೇಟಿಯಿಂದ ಕಾನ್ಸುಲರ್ ಹಕ್ಕು ತೀರುವುದಿಲ್ಲ

ಬೇಹುಗಾರಿಕೆಯ ಅಪರಾಧಕ್ಕೆ ಶಿಕ್ಷೆಯಾದ ವಿದೇಶಿ ಪ್ರಜೆಗೆ ತನ್ನ ಮನೆಯವರನ್ನು ಮತ್ತು ತನ್ನ ದೇಶದ ಅಧಿಕಾರಿಗಳನ್ನು ಕಾಣುವ ಹಕ್ಕು ಉಳಿದಿರುತ್ತದೆಯೇ ಎಂದು ಕೇಳಿದ್ದೀರಿ. ಪಾಕಿಸ್ತಾನದಲ್ಲಿ ಬೇಹುಗಾರಿಕೆಗೆ ಶಿಕ್ಷೆಯಾದ ಭಾರತೀಯ ಕುಲಭೂಷಣ್ ಜಾಧವ್ ಅವರ ತಾಯಿಗೂ ಪತ್ನಿಗೂ ಆ ದೇಶ ಒಮ್ಮೆ ಭೇಟಿಯ ಅವಕಾಶ ಕೊಟ್ಟ ಮೇಲೂ ಭಾರತ ಕಾನ್ಸುಲರ್ ಸಂಪರ್ಕ, ಅಂದರೆ ತನ್ನ ದೂತಾವಾಸದ ಅಧಿಕಾರಿಗಳು ಕೈದಿಯನ್ನು ಕಾಣುವ ಅವಕಾಶ, ಬೇಕೆಂದು ಪಟ್ಟು ಹಿಡಿದದ್ದೇಕೆ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಎರಡಕ್ಕೂ ನನ್ನ ಉತ್ತರ ಒಂದೇ ಕಡೆಯಿಂದ ಹುಟ್ಟುತ್ತದೆ. ದೇಶದ ಅಧಿಕಾರಿಗಳ ಭೇಟಿಯು ಒಪ್ಪಂದದಲ್ಲಿ ಬರೆದಿಟ್ಟ ಹಕ್ಕು. ಬೇಹುಗಾರಿಕೆಯ ಆರೋಪ ಹೊರಿಸಿದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ. ಕುಟುಂಬದ ಭೇಟಿಗೆ ಅಷ್ಟು ಗಟ್ಟಿಯಾದ ಆಧಾರವಿಲ್ಲ, ಅದು ಬಹುಮಟ್ಟಿಗೆ ಸೆರೆಯಲ್ಲಿಟ್ಟ ದೇಶದ ಮನಸ್ಸಿಗೆ ಬಿಟ್ಟ ವಿಷಯ. ಹೀಗಾಗಿ ಎರಡನೆಯದನ್ನು ಕೊಟ್ಟು ಮೊದಲನೆಯದನ್ನು ತೀರಿಸಿದೆವು ಎನ್ನಲು ಬರುವುದಿಲ್ಲ.

ಮೊದಲು ಹಕ್ಕಿನ ಮೂಲವನ್ನು ನೋಡೋಣ. 1963ರ ವಿಯೆನ್ನಾ ಕಾನ್ಸುಲರ್ ಸಂಬಂಧಗಳ ಒಪ್ಪಂದದ 36ನೇ ವಿಧಿಯ ಪ್ರಕಾರ, ವಿದೇಶಿ ಪ್ರಜೆಯನ್ನು ಬಂಧಿಸಿದಾಗ ಆತನಿಗೆ ಈ ಹಕ್ಕುಗಳಿವೆಯೆಂದು ತಡಮಾಡದೆ ತಿಳಿಸಬೇಕು, ಆತ ಕೇಳಿಕೊಂಡರೆ ಆತನ ದೇಶದ ದೂತಾವಾಸಕ್ಕೆ ಸುದ್ದಿ ಮುಟ್ಟಿಸಬೇಕು, ಮತ್ತು ಅಲ್ಲಿನ ಅಧಿಕಾರಿಗಳು ಆತನನ್ನು ಕಂಡು ಮಾತನಾಡಲು, ಪತ್ರವ್ಯವಹಾರ ನಡೆಸಲು, ವಕೀಲರನ್ನು ಗೊತ್ತುಮಾಡಲು ಬಿಡಬೇಕು. ನಿಮ್ಮ ಪ್ರಶ್ನೆಯಲ್ಲಿ ‘ಶಿಕ್ಷೆಯಾದ’ ಎಂಬ ಮಾತಿರುವುದರಿಂದ ಇನ್ನೊಂದನ್ನು ಹೇಳಬೇಕು. ವಿಚಾರಣಾಧೀನ ಕೈದಿಗೆ ಮಾತ್ರವಲ್ಲ, ತೀರ್ಪಿನ ಮೇರೆಗೆ ಸೆರೆಯಲ್ಲಿರುವ ಕೈದಿಗೂ ಅಧಿಕಾರಿಗಳು ಭೇಟಿ ಕೊಡಬಹುದೆಂದು ಅದೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಶಿಕ್ಷೆ ಘೋಷಣೆಯಾದ ದಿನ ಈ ಹಕ್ಕಿನ ಬಾಗಿಲು ಮುಚ್ಚುವುದಿಲ್ಲ. ಕೈದಿಯೇ ತನಗೆ ನೆರವು ಬೇಡವೆಂದು ಸ್ಪಷ್ಟವಾಗಿ ಹೇಳಿದರೆ ಮಾತ್ರ ಅಧಿಕಾರಿಗಳು ಅವನ ಪರವಾಗಿ ಮುಂದುವರಿಯಬಾರದು.

ಈ ವಿಧಿಗೆ ಬೇಹುಗಾರಿಕೆಯ ವಿನಾಯಿತಿ ಇದೆಯೇ ಎಂಬುದನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ನೇರವಾಗಿ ತೀರ್ಮಾನಿಸಿದ್ದು ಜಾಧವ್ ಪ್ರಕರಣದಲ್ಲಿ. ಭಾರತೀಯ ನೌಕಾಪಡೆಯ ಮಾಜಿ ಅಧಿಕಾರಿಯಾದ ಅವರನ್ನು 2016ರ ಮಾರ್ಚ್ 3ರಂದು ಬಲೂಚಿಸ್ತಾನದಲ್ಲಿ ಬಂಧಿಸಿದೆವೆಂದು ಪಾಕಿಸ್ತಾನ ಹೇಳಿತು. ಇರಾನಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದವರನ್ನು ಅಪಹರಿಸಿ ತರಲಾಗಿದೆ ಎಂಬುದು ಭಾರತದ ವಾದ. ಭಾರತಕ್ಕೆ ಸುದ್ದಿ ಮುಟ್ಟಿದ್ದು ಮಾರ್ಚ್ 25ರಂದು, ಅಂದರೆ ಮೂರು ವಾರಗಳ ಮೇಲೆ. ಅಲ್ಲಿಂದ ಭಾರತ ಮತ್ತೆ ಮತ್ತೆ ಕಾನ್ಸುಲರ್ ಸಂಪರ್ಕ ಕೋರಿದರೂ ಅದು ಸಿಗಲಿಲ್ಲ, ಮತ್ತು ಯಾವ ಭಾರತೀಯ ಅಧಿಕಾರಿಯೂ ಅವರನ್ನು ಕಾಣುವ ಮುನ್ನವೇ, 2017ರ ಏಪ್ರಿಲ್ 10ರಂದು, ಸೇನಾ ನ್ಯಾಯಾಲಯ ವಿಧಿಸಿದ ಮರಣದಂಡನೆ ಪ್ರಕಟವಾಯಿತು. ಭಾರತ ಮೇ 8ರಂದು ಹೇಗ್‌ಗೆ ಹೋಯಿತು. ಅಂತಿಮ ತೀರ್ಪಿನವರೆಗೆ ಗಲ್ಲಿಗೇರಿಸಬಾರದೆಂದು ಮೇ 18ರಂದು ಮಧ್ಯಂತರ ಆದೇಶ ಬಂತು.

ಪಾಕಿಸ್ತಾನದ ವಾದಗಳನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಗೂಢಚಾರರಿಗೆ ಈ ಹಕ್ಕು ಸಲ್ಲದೆಂಬುದು ದೇಶಗಳ ನಡುವಿನ ರೂಢಿ ಎಂದು ಅದು ವಾದಿಸಿತು. ಅದಕ್ಕಿಂತ ಬಲವಾಗಿ 2008ರ ಮೇ 21ರ ಭಾರತ-ಪಾಕಿಸ್ತಾನ ಕಾನ್ಸುಲರ್ ಒಪ್ಪಂದವನ್ನು ಮುಂದಿಟ್ಟಿತು. ಬಂಧಿತರಿಗೆ ಮೂರು ತಿಂಗಳೊಳಗೆ ಕಾನ್ಸುಲರ್ ಸಂಪರ್ಕ ಕೊಡಬೇಕೆನ್ನುವ ಅದೇ ಒಪ್ಪಂದದಲ್ಲಿ, ರಾಜಕೀಯ ಅಥವಾ ಭದ್ರತೆಯ ಕಾರಣದ ಬಂಧನವಾದರೆ ಪ್ರಕರಣವನ್ನು ಅದರ ಗುಣಾವಗುಣಗಳ ಮೇಲೆ ಪರಿಶೀಲಿಸಬಹುದು ಎಂಬ ಅಂಶವೂ ಇದೆ. ನಾವೇ ಸಹಿ ಹಾಕಿದ ಮಾತು ಅದು. ಆದರೆ ನ್ಯಾಯಾಲಯ ಹೇಳಿದ್ದು ಇಷ್ಟು: ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿ ಬೇಹುಗಾರಿಕೆಗೆಂದು ಯಾವ ವಿನಾಯಿತಿಯೂ ಇಲ್ಲ, ಆ ಒಪ್ಪಂದದ ನಂತರ ಎರಡು ದೇಶಗಳು ಮಾಡಿಕೊಳ್ಳುವ ಕರಾರು ಅದನ್ನು ಬಲಪಡಿಸಬಹುದು, ವಿಸ್ತರಿಸಬಹುದು, ಆದರೆ 2008ರ ಕರಾರನ್ನು ಮೂಲ ಹಕ್ಕನ್ನೇ ಕಿತ್ತುಕೊಳ್ಳುವಂತೆ ಓದಲಾಗದು. 2019ರ ಜುಲೈ 17ರಂದು ಬಂದ ಆ ತೀರ್ಪಿನ ಮುಖ್ಯ ಅಂಶಗಳಿಗೆ 15 ನ್ಯಾಯಾಧೀಶರು ಒಪ್ಪಿದರು. ಭಿನ್ನಮತ ಬರೆದವರು ಪಾಕಿಸ್ತಾನ ನೇಮಿಸಿದ್ದ ತಾತ್ಕಾಲಿಕ ನ್ಯಾಯಾಧೀಶರೊಬ್ಬರೇ. ಚೀನಾದ ನ್ಯಾಯಾಧೀಶರೂ ಬಹುಮತದ ಜೊತೆಗಿದ್ದರೆಂಬುದನ್ನು ಗಮನಿಸಿ.

ಆ ತೀರ್ಪಿನಲ್ಲಿ ನನಗೆ ಬಹಳ ಮುಖ್ಯವೆನಿಸುವ ಇನ್ನೊಂದು ಭಾಗವಿದೆ. 2017ರ ಮಾರ್ಚ್‌ನಲ್ಲಿ, ತನಿಖೆಗೆ ಭಾರತ ಎಷ್ಟು ಸಹಕರಿಸುತ್ತದೆ ಎಂಬುದನ್ನು ನೋಡಿಕೊಂಡು ಕಾನ್ಸುಲರ್ ಸಂಪರ್ಕದ ಕೋರಿಕೆಯನ್ನು ಪರಿಗಣಿಸುವುದಾಗಿ ಪಾಕಿಸ್ತಾನ ತಿಳಿಸಿತ್ತು. ಭಾರತ ತನ್ನ ಬಾಧ್ಯತೆಗಳನ್ನು ಮುರಿದಿದೆ ಎಂದು ಪಾಕಿಸ್ತಾನ ಭಾವಿಸಿದರೂ ಅದಕ್ಕೆ ಪ್ರತಿಯಾಗಿ ಕೈದಿಯ ಸಂಪರ್ಕವನ್ನು ತಡೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಆರೋಪ ನಿಜವೋ ಸುಳ್ಳೋ ಎಂಬುದು ಈ ಹಕ್ಕಿಗೆ ಸಂಬಂಧಿಸಿದ್ದೇ ಅಲ್ಲ. ಆತ ನಿಜವಾಗಿಯೂ ಗೂಢಚಾರನಾಗಿದ್ದರೂ ಹಕ್ಕು ಅಷ್ಟೇ ಇರುತ್ತದೆ. ಜಾಧವ್ ನಿರಪರಾಧಿ ಎಂದು ಹೇಗ್ ಹೇಳಿತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆ ಪ್ರಶ್ನೆಯನ್ನು ಅದು ಮುಟ್ಟಿಲ್ಲ.

ಈಗ ಕುಟುಂಬದ ಭೇಟಿಗೆ ಬರುತ್ತೇನೆ. 2017ರ ಡಿಸೆಂಬರ್ 25ರಂದು ಇಸ್ಲಾಮಾಬಾದಿನ ವಿದೇಶಾಂಗ ಕಚೇರಿಯಲ್ಲಿ ಜಾಧವ್ ಅವರ ತಾಯಿ ಮತ್ತು ಪತ್ನಿ ಸುಮಾರು 40 ನಿಮಿಷ ಅವರನ್ನು ಕಂಡರು. ನಡುವೆ ಗಾಜಿನ ಗೋಡೆ, ಮಾತಿಗೆ ಇಂಟರ್‌ಕಾಮ್. ಮೂರು ದಿನಗಳ ನಂತರ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಸಂಸತ್ತಿನಲ್ಲಿ ಕೊಟ್ಟ ಹೇಳಿಕೆಯನ್ನು ನೀವು ಓದಬೇಕು. ಸೀರೆಯುಟ್ಟು ಹೋಗಿದ್ದ ತಾಯಿಗೆ ಉಡುಪು ಬದಲಾಯಿಸಲು ಹೇಳಿದರು. ಇಬ್ಬರ ಬಳೆ, ಕುಂಕುಮ, ಮಂಗಳಸೂತ್ರಗಳನ್ನು ತೆಗೆಸಿದರು. ಬರಿಗೊರಳಿನ ತಾಯಿಯನ್ನು ಕಂಡ ಮಗ ಮೊದಲು ಕೇಳಿದ್ದು ಅಪ್ಪ ಹೇಗಿದ್ದಾರೆ ಎಂದು. ತಾಯಿ ಮಗನೊಡನೆ ಮರಾಠಿಯಲ್ಲಿ ಮಾತನಾಡಲು ಹೊರಟರೆ ಅಲ್ಲಿದ್ದ ಅಧಿಕಾರಿಗಳು ತಡೆದರು, ಮತ್ತೂ ಮಾತನಾಡಿದಾಗ ಇಂಟರ್‌ಕಾಮ್ ನಿಲ್ಲಿಸಿದರು. ಪತ್ನಿಯ ಪಾದರಕ್ಷೆಗಳನ್ನು ವಾಪಸು ಕೊಡಲಿಲ್ಲ. ಇವೆಲ್ಲ ಭದ್ರತಾ ಕ್ರಮಗಳು, ಪಾದರಕ್ಷೆಯಲ್ಲಿ ಲೋಹದ ವಸ್ತುವಿತ್ತು ಎಂಬುದು ಪಾಕಿಸ್ತಾನದ ಸಮಜಾಯಿಷಿ. ಅದನ್ನು ಒಪ್ಪಿದರೂ, ಮಗನೊಡನೆ ತಾಯಿ ತನ್ನ ಮಾತಿನಲ್ಲಿ ಮಾತನಾಡದಂತೆ ತಡೆದದ್ದಕ್ಕೆ ಭದ್ರತೆಯ ಸಬೂಬು ನನಗೆ ಸಾಲದು. ಮರಾಠಿ ಬಲ್ಲವರೊಬ್ಬರನ್ನು ಕೂರಿಸಿಕೊಳ್ಳುವುದು ಒಂದು ದೇಶಕ್ಕೆ ಕಷ್ಟವೇ?

ಜೊತೆಗೆ ಹೋಗಿದ್ದ ಭಾರತದ ಉಪ ಹೈಕಮಿಷನರ್ ಅವರನ್ನು ಪ್ರತ್ಯೇಕವಾಗಿ ಇರಿಸಲಾಗಿತ್ತು, ಕೈದಿಯೊಡನೆ ಮಾತನಾಡಲು ಬಿಡಲಿಲ್ಲ. ಇದು ಮಾನವೀಯ ನೆಲೆಯ ಭೇಟಿ, ಕಾನ್ಸುಲರ್ ಸಂಪರ್ಕವಲ್ಲ ಎಂದು ಪಾಕಿಸ್ತಾನದ ವಿದೇಶಾಂಗ ಕಚೇರಿಯೇ ಸ್ಪಷ್ಟಪಡಿಸಿತು. ನಿಮ್ಮ ಎರಡನೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ನಾನು ವಕೀಲಿ ವೃತ್ತಿಯಲ್ಲಿರುವವನು; ಜೈಲಿನ ಸಂದರ್ಶನ ಕೊಠಡಿಯಲ್ಲಿ ಮನೆಯವರ ಭೇಟಿಯನ್ನೂ ವಕೀಲರ ಭೇಟಿಯನ್ನೂ ಅಕ್ಕಪಕ್ಕದಲ್ಲೇ ನೋಡಿದ್ದೇನೆ. ಮನೆಯವರು ಊಟ ಮಾಡಿದೆಯಾ, ಇಳಿದುಹೋಗಿದ್ದೀಯಲ್ಲ, ಮಗು ಶಾಲೆಗೆ ಹೋಗುತ್ತಿದೆ ಎಂಬ ಮಾತುಗಳಲ್ಲೇ ಸಮಯ ಕಳೆಯುತ್ತಾರೆ, ಕಳೆಯಬೇಕಾದದ್ದೂ ಹಾಗೆಯೇ. ಹೇಳಿಕೆಗೆ ಸಹಿ ಹಾಕಿಸಿಕೊಂಡಾಗ ಹೊಡೆದರೇ, ದೋಷಾರೋಪ ಪಟ್ಟಿಯ ಪ್ರತಿ ಕೈಗೆ ಬಂತೇ, ಮೇಲ್ಮನವಿಗೆ ಎಷ್ಟು ದಿನ ಉಳಿದಿದೆ ಎಂದು ಅವರು ಕೇಳುವುದಿಲ್ಲ. ಕೇಳಿದರೂ ಪಕ್ಕದಲ್ಲಿ ಕಾವಲಿನವರು ನಿಂತಿರುವಾಗ ಉತ್ತರ ಬರುವುದಿಲ್ಲ. ಪರದೇಶದಲ್ಲಿ ಸೆರೆಯಾದವನ ಪಾಲಿಗೆ ಆ ಎರಡನೆಯ ಬಗೆಯ ಪ್ರಶ್ನೆಗಳನ್ನು ಕೇಳಬೇಕಾದವರು ಅವನ ದೂತಾವಾಸದ ಅಧಿಕಾರಿಗಳು. ತಾಯಿ ವಕಾಲತ್ತು ಬರೆಸಿಕೊಳ್ಳಲು ಬಂದವಳಲ್ಲ.

ವಕಾಲತ್ತಿನ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ತೀರ್ಪಿನ ನಂತರ, 2019ರ ಸೆಪ್ಟೆಂಬರ್ 2ರಂದು ಭಾರತದ ಅಧಿಕಾರಿಯೊಬ್ಬರು ಜಾಧವ್ ಅವರನ್ನು ಮೊದಲ ಬಾರಿಗೆ ಕಂಡರು. ಜಾಧವ್ ತೀವ್ರ ಒತ್ತಡದಲ್ಲಿದ್ದಂತೆ ತೋರಿತೆಂದು ಭಾರತ ಹೇಳಿತು. 2020ರ ಜುಲೈ 16ರಂದು ಎರಡನೆಯ ಭೇಟಿ ನಡೆದಾಗ ಪಾಕಿಸ್ತಾನಿ ಅಧಿಕಾರಿಗಳು ಹತ್ತಿರದಲ್ಲೇ ಇದ್ದರು, ಸಂಭಾಷಣೆ ರೆಕಾರ್ಡ್ ಆಗುತ್ತಿದ್ದುದು ಕಣ್ಣಿಗೆ ಕಾಣುತ್ತಿದ್ದ ಕ್ಯಾಮೆರಾದಿಂದಲೇ ತಿಳಿಯುತ್ತಿತ್ತು, ಮತ್ತು ವಕೀಲರನ್ನು ನೇಮಿಸಲು ಬೇಕಾದ ಲಿಖಿತ ಒಪ್ಪಿಗೆಯನ್ನು ಜಾಧವ್ ಅವರಿಂದ ಪಡೆಯಲು ಬಿಡಲಿಲ್ಲ ಎಂದು ಭಾರತದ ವಿದೇಶಾಂಗ ಸಚಿವಾಲಯ ತಿಳಿಸಿತು. ನಮ್ಮ ಅಧಿಕಾರಿಗಳು ಪ್ರತಿಭಟಿಸಿ ಹೊರಬಂದರು. ಇಷ್ಟರಲ್ಲಿ ಪಾಕಿಸ್ತಾನ, ಹೇಗ್ ಹೇಳಿದ್ದ ಶಿಕ್ಷೆಯ ಮರುಪರಿಶೀಲನೆಗೆಂದು ಸುಗ್ರೀವಾಜ್ಞೆ ತಂದು, ಇಸ್ಲಾಮಾಬಾದ್ ಹೈಕೋರ್ಟಿನಲ್ಲಿ ಅರ್ಜಿ ಹಾಕಲು 60 ದಿನಗಳ ಗಡುವು ಕೊಟ್ಟಿತ್ತು. ಜಾಧವ್ ಅರ್ಜಿ ಹಾಕಲು ನಿರಾಕರಿಸಿದ್ದಾರೆ ಎಂದೂ ಅದು ಹೇಳಿತು. ಖಾಸಗಿಯಾಗಿ ಒಮ್ಮೆಯೂ ಯಾರೊಡನೆಯೂ ಮಾತನಾಡದ ಕೈದಿಯ ನಿರಾಕರಣೆಯನ್ನು ನಾನು ನಿರಾಕರಣೆ ಎಂದು ಎಣಿಸಲಾರೆ. ಭಾರತದಿಂದ ವಕೀಲರನ್ನು ಕಳುಹಿಸುವ ಕೋರಿಕೆಯೂ ಒಪ್ಪಿಗೆಯಾಗಲಿಲ್ಲ.

ಹಾಗಾದರೆ ಕುಟುಂಬಕ್ಕೆ ಯಾವ ಆಧಾರವೂ ಇಲ್ಲವೇ? ಇದೆ, ಆದರೆ ಬೇರೆ ಕಡೆ. ಕೈದಿಗಳ ಉಪಚಾರಕ್ಕಾಗಿ ವಿಶ್ವಸಂಸ್ಥೆ 2015ರಲ್ಲಿ ಪರಿಷ್ಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 58ನೆಯದು, ಕೈದಿಗಳು ನಿಯತವಾಗಿ ಮನೆಯವರನ್ನು ಕಾಣಲು, ಅವರಿಗೆ ಪತ್ರ ಬರೆಯಲು ಬಿಡಬೇಕೆನ್ನುತ್ತದೆ. 62ನೆಯದು ವಿದೇಶಿ ಕೈದಿಗಳಿಗೆ ತಮ್ಮ ದೇಶದ ಪ್ರತಿನಿಧಿಗಳನ್ನು ಸಂಪರ್ಕಿಸುವ ಅನುಕೂಲ ಕೊಡಬೇಕೆನ್ನುತ್ತದೆ. ಇವು ಮಾರ್ಗಸೂಚಿಗಳು, ಉಲ್ಲಂಘನೆಯಾದರೆ ಹೇಗ್‌ಗೆ ಹೋಗಲು ಬರುವುದಿಲ್ಲ. ಮೇಲಾಗಿ ಜೈಲಿನ ಬಾಗಿಲಿಗೂ ಮೊದಲು ವೀಸಾದ ಬಾಗಿಲು ಇದೆ, ಮತ್ತು ವೀಸಾ ಕೊಡಲೇಬೇಕೆಂದು ಯಾವ ನಿಯಮವೂ ಒಂದು ದೇಶವನ್ನು ಕಟ್ಟಿಹಾಕುವುದಿಲ್ಲ. ಜಾಧವ್ ಅವರ ತಾಯಿಯ ವೀಸಾ ಅರ್ಜಿಯ ಬಗ್ಗೆ ಬರೆದ ಪತ್ರಕ್ಕೆ ಸ್ವೀಕೃತಿಯೂ ಬಂದಿಲ್ಲವೆಂದು ಸುಷ್ಮಾ ಸ್ವರಾಜ್ 2017ರ ಜುಲೈನಲ್ಲಿ ಬಹಿರಂಗವಾಗಿ ಹೇಳಿದ್ದರು. ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಇನ್ನೊಬ್ಬ ಭಾರತೀಯ ಸರಬ್ಜಿತ್ ಸಿಂಗ್ ಅವರ ಮನೆಯವರು ಲಾಹೋರಿನ ಕೋಟ್ ಲಖ್‌ಪತ್ ಜೈಲಿನಲ್ಲಿ ಅವರ ಮುಖ ಕಂಡದ್ದು ಬಂಧನವಾಗಿ ಹದಿನೆಂಟು ವರ್ಷಗಳ ನಂತರ, 2008ರಲ್ಲಿ. ಅದೇ ಜೈಲಿನಲ್ಲಿ ಸಹಕೈದಿಗಳ ಹಲ್ಲೆಗೊಳಗಾಗಿ 2013ರ ಮೇ 2ರಂದು ಅವರು ತೀರಿಕೊಂಡರು.

ಇಂಥ ಭೇಟಿಗಳು ಪ್ರದರ್ಶನದ ವಸ್ತುವಾಗುವುದು ಈ ಉಪಖಂಡಕ್ಕೆ ಸೀಮಿತವಲ್ಲ. 2009ರಲ್ಲಿ ಇರಾಕ್-ಇರಾನ್ ಗಡಿಯಲ್ಲಿ ಸೆರೆಸಿಕ್ಕ ಮೂವರು ಅಮೆರಿಕನ್ ಚಾರಣಿಗರನ್ನು ಅವರ ತಾಯಂದಿರು 2010ರ ಮೇ ತಿಂಗಳಲ್ಲಿ ತೆಹ್ರಾನಿನ ಹೋಟೆಲೊಂದರಲ್ಲಿ ಕಂಡಾಗ ಸರ್ಕಾರಿ ಟಿ.ವಿ. ಅಲ್ಲಿತ್ತು. ಅದು ನಡೆದ ಮರುವರ್ಷ ಅವರಲ್ಲಿ ಇಬ್ಬರಿಗೆ ಬೇಹುಗಾರಿಕೆಯೂ ಸೇರಿದ ಆರೋಪಗಳ ಮೇಲೆ 8 ವರ್ಷಗಳ ಶಿಕ್ಷೆಯಾಯಿತು, ಕೆಲವೇ ವಾರಗಳಲ್ಲಿ ಬಿಡುಗಡೆಯೂ ಆಯಿತು. ಅಮೆರಿಕಕ್ಕೆ ಅಲ್ಲಿ ರಾಯಭಾರ ಕಚೇರಿ ಇಲ್ಲದ್ದರಿಂದ ಕಾನ್ಸುಲರ್ ಕೆಲಸವನ್ನು ಸ್ವಿಟ್ಜರ್ಲೆಂಡ್ ನೋಡಿಕೊಳ್ಳುತ್ತಿತ್ತು. ತಾಯಂದಿರ ಅಳುವನ್ನು ಕ್ಯಾಮೆರಾದ ಮುಂದೆ ನಡೆಸುವುದನ್ನು ಕರುಣೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹಕ್ಕು ಇಷ್ಟು ಖಚಿತವಾಗಿದ್ದರೆ ಜಾಧವ್ ಏಕೆ ಮನೆಗೆ ಬರಲಿಲ್ಲ ಎಂದು ನೀವು ಕೇಳಬಹುದು. ಉಲ್ಲಂಘನೆಗೆ ನ್ಯಾಯಾಲಯ ಕೊಟ್ಟ ಪರಿಹಾರ ಬಿಡುಗಡೆಯಲ್ಲ, ಶಿಕ್ಷೆಯ ರದ್ದತಿಯೂ ಅಲ್ಲ. ತೀರ್ಪು ಮತ್ತು ಶಿಕ್ಷೆಯ ಪರಿಣಾಮಕಾರಿ ಮರುಪರಿಶೀಲನೆ, ಅಲ್ಲಿಯವರೆಗೆ ಗಲ್ಲಿಗೆ ತಡೆ. ಭಾರತ ಬಿಡುಗಡೆಯನ್ನೇ ಕೇಳಿತ್ತು, ಅದು ಸಿಗಲಿಲ್ಲ. ಈ ಪರಿಹಾರಕ್ಕೆ ಬಲ ಬರುವುದು ಸೆರೆಯಲ್ಲಿಟ್ಟ ದೇಶದ ಒಪ್ಪಿಗೆಯಿಂದಲೇ. ಮೆಕ್ಸಿಕೋದ ಪ್ರಜೆಗಳ ಪ್ರಕರಣದಲ್ಲಿ 2004ರಲ್ಲಿ ಇದೇ ನ್ಯಾಯಾಲಯ ಅಮೆರಿಕಕ್ಕೆ ಇಂಥದೇ ಮರುಪರಿಶೀಲನೆ ಮಾಡಲು ಹೇಳಿತ್ತು. ಟೆಕ್ಸಾಸ್ ಅವರಲ್ಲೊಬ್ಬನಿಗೆ 2008ರಲ್ಲಿ ಮರಣದಂಡನೆ ಜಾರಿಮಾಡಿತು, ಮತ್ತು ಅಮೆರಿಕ ಅದಕ್ಕೂ ಮೊದಲೇ, 2005ರಲ್ಲಿ, ಇಂಥ ದೂರುಗಳನ್ನು ಹೇಗ್‌ಗೆ ಒಯ್ಯಲು ಅವಕಾಶ ಕೊಡುವ ಐಚ್ಛಿಕ ಒಡಂಬಡಿಕೆಯಿಂದಲೇ ಹೊರನಡೆದಿತ್ತು. ಇದನ್ನು ನೋಡಿದರೆ, ಹೇಗ್ ತಡೆದ ಮೇಲೆ ಪಾಕಿಸ್ತಾನ ಜಾಧವ್ ಅವರನ್ನು ಗಲ್ಲಿಗೇರಿಸಲಿಲ್ಲ ಎಂಬುದು ಚಿಕ್ಕ ಸಂಗತಿಯಲ್ಲ.

ಕೊನೆಗೆ ಪರದೇಶಗಳಲ್ಲಿರುವ ನಮ್ಮವರಿಗೆ ಉಪಯೋಗವಾಗುವ ಎರಡು ವಿಷಯ. ಸುದ್ದಿ ಮುಟ್ಟಿಸುವ ಕರ್ತವ್ಯ ಹುಟ್ಟುವುದು ಬಂಧಿತ ವ್ಯಕ್ತಿ ಕೇಳಿದಾಗ. ಆದ್ದರಿಂದ ಬಂಧನದ ಸುಳಿವು ಸಿಕ್ಕ ಮನೆಯವರು ಸ್ಥಳೀಯ ವಕೀಲರ ಮೂಲಕ ಆತನಿಂದ ಲಿಖಿತ ಕೋರಿಕೆ ಕೊಡಿಸಬೇಕು, ಅದೇ ದಿನ ಭಾರತೀಯ ರಾಯಭಾರ ಕಚೇರಿಗೂ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲೂ ದೂರು ದಾಖಲಿಸಬೇಕು. ಇನ್ನೊಂದು, ಪಾಸ್‌ಪೋರ್ಟ್ ಯಾವ ದೇಶದ್ದೋ ಹಕ್ಕು ಆ ದೇಶದ ದೂತಾವಾಸದ್ದು. ಅಮೆರಿಕದ ಪೌರತ್ವ ಪಡೆದು, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡ ಕನ್ನಡಿಗರೊಬ್ಬರು ಮೂರನೆಯ ದೇಶವೊಂದರಲ್ಲಿ ಬಂಧನಕ್ಕೊಳಗಾದರೆ 36ನೇ ವಿಧಿಯ ಪ್ರಕಾರ ಅವರನ್ನು ಕಾಣಲು ಕೇಳಬೇಕಾದದ್ದು ಅಮೆರಿಕದ ಅಧಿಕಾರಿಗಳು, ಭಾರತದವರಲ್ಲ. ಅವರ ಮನೆಯವರು ಮೊದಲ ಕರೆ ಮಾಡಬೇಕಾದದ್ದೂ ಅಲ್ಲಿಗೇ.