ಗಲೀನಾದಲ್ಲಿ ಏನು ನೋಡಬೇಕು?

ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಚಿಕಾಗೋದಿಂದ ಇಲಿನಾಯ್ ರಾಜ್ಯದಲ್ಲೇ ಇರುವ ಗಲೀನಾ ಊರಿಗೆ ಕರೆದುಕೊಂಡು ಹೋಗಬಹುದಾ, ಹಳೇ ಕಟ್ಟಡ ಬಿಟ್ಟರೆ ಅಲ್ಲಿ ಏನಿದೆ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಕಾರಲ್ಲಿ ಸುಮಾರು ಮೂರು ಗಂಟೆ ದಾರಿ. ನೋಡೋಕೆ ಇರುವುದು ಹಳೇ ಕಟ್ಟಡಗಳೇ, ಆದರೆ ಅವು ಯಾಕೆ ಉಳಿದವು ಅಂತ ತಿಳಿದು ಹೋದರೆ ಊರು ಬೇರೆಯೇ ಕಾಣುತ್ತದೆ.

ಊರಿನ ಹೆಸರಾದ ಗಲೀನಾ ಅಂದರೆ ಸೀಸದ ಅದಿರು. ಹೋದ ಸಲ ನಮ್ಮ ಮಾವನವರು ಜೊತೆಗಿದ್ದರು. ಒಂದು ಅಂಗಡಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ತುಂಡನ್ನು ಅವರ ಅಂಗೈ ಮೇಲಿಟ್ಟರು. ಕಲ್ಲುಸಕ್ಕರೆಯ ಹಾಗೆ ಚೌಕ ಚೌಕ ಹರಳು, ಬೆಳ್ಳಿಯ ಹೊಳಪು. "ಅಬ್ಬಾ, ಏನು ಭಾರ ಇದು!" ಅಂದರು. 1840ರ ದಶಕದಲ್ಲಿ ಅಮೆರಿಕದ ಬಹುಪಾಲು ಸೀಸ ಈ ಸುತ್ತಮುತ್ತಲಿಂದಲೇ ಹೋಗುತ್ತಿತ್ತು. ಮಿಸಿಸಿಪ್ಪಿ ನದಿಯಿಂದ ಸ್ಟೀಮ್‌ಬೋಟ್‌ಗಳು ಗಲೀನಾ ಹೊಳೆಯಲ್ಲಿ ನೇರ ಊರಿಗೇ ಬರುತ್ತಿದ್ದವು.

ಆಮೇಲೆ ಗುಡ್ಡದ ಮರ ಕಡಿದು, ಗಣಿ ಅಗೆದು, ಮಣ್ಣೆಲ್ಲ ಹೊಳೆಗಿಳಿದು ಹೂಳು ತುಂಬಿತು. ಸೀಸ ಕಡಿಮೆಯಾಯಿತು, ರೈಲು ಬಂದು ವ್ಯಾಪಾರ ಬೇರೆ ಊರುಗಳ ಪಾಲಾಯಿತು. ಹಳೇದನ್ನು ಕೆಡವಿ ಹೊಸದು ಕಟ್ಟೋಕೆ ಯಾರ ಹತ್ತಿರವೂ ದುಡ್ಡಿರಲಿಲ್ಲ. ಹಾಗಾಗಿ ಮೇನ್ ಸ್ಟ್ರೀಟಿನ ಇಟ್ಟಿಗೆ ಕಟ್ಟಡಗಳು ಸಾಲಾಗಿ ಹಾಗೇ ಉಳಿದವು. ಈಗ ಅಲ್ಲಿರುವುದು ಮೂರು ಸಾವಿರ ಚಿಲ್ಲರೆ ಜನ.

ಅದಕ್ಕೇ ಮೊದಲು ಕಾಲುಸೇತುವೆ ಮೇಲೆ ನಿಂತು ಹೊಳೆ ನೋಡಿ. ಈ ಹಳ್ಳದಲ್ಲಿ ಹಡಗು ಬರುತ್ತಿತ್ತಾ ಅನ್ನಿಸುತ್ತದೆ, ಅಲ್ವಾ? ಮೇನ್ ಸ್ಟ್ರೀಟಿನ ಬಾಯಲ್ಲಿ ಪ್ರವಾಹ ತಡೆಯುವ ದೊಡ್ಡ ಹಸಿರು ಗೇಟುಗಳಿವೆ, ಅವನ್ನೂ ಗಮನಿಸಿ. 1826ರ ಡೌಲಿಂಗ್ ಹೌಸ್ ಊರಲ್ಲೇ ಹಳೇದು, ಪೂರ್ತಿ ಸುಣ್ಣಕಲ್ಲಿನದು. 1855ರ ಡಿಸೋಟೊ ಹೌಸ್ ಹೋಟೆಲಿನ ಬಾಲ್ಕನಿಯಲ್ಲಿ ಮರುವರ್ಷ ಲಿಂಕನ್ ಭಾಷಣ ಮಾಡಿದ್ದರು. ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಜನರಲ್ ಆಗಿದ್ದು, ಮುಂದೆ ಅಮೆರಿಕದ ಅಧ್ಯಕ್ಷರಾದ ಗ್ರ್ಯಾಂಟ್‌ಗೆ ಊರವರು 1865ರಲ್ಲಿ ಕೊಟ್ಟ ಮನೆ ಹೊಳೆಯ ಆಚೆ ದಡದಲ್ಲಿದೆ, ಅಲ್ಲಿಗೆ ಕಾರಲ್ಲೇ ಹೋಗಿ. ಮೇಲಿನ ಬೀದಿಗಳಿಗೆ ಹತ್ತುವ ಮೆಟ್ಟಿಲುಗಳು ಜಾಸ್ತಿ. ಅಪ್ಪ ಅಮ್ಮನಿಗೆ ಮಂಡಿನೋವಿದ್ದರೆ ಹತ್ತಿಸಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗ್ರೀನ್ ಸ್ಟ್ರೀಟಿನ ಅಂಚೆ ಕಚೇರಿ. ಅದನ್ನು ಸುಂಕದ ಕಟ್ಟೆಯಾಗಿಯೂ ಕಟ್ಟಿದ್ದರು. ಕಟ್ಟುವ ಕೆಲಸ ನೋಡಿಕೊಳ್ಳಲು 1857ರಲ್ಲಿ ಸರ್ಕಾರ ಕಳಿಸಿದ್ದು ಎಲಿ ಪಾರ್ಕರ್ ಅವರನ್ನು. ಅವರು ಸೆನೆಕಾ ಬುಡಕಟ್ಟಿನವರು. ಕಾನೂನು ಕಲಿತಿದ್ದರೂ, ಅಮೆರಿಕದ ನಾಗರಿಕರಲ್ಲ ಅಂತ ಅವರಿಗೆ ವಕೀಲಿಕೆ ಮಾಡಲು ಬಿಡಲಿಲ್ಲ, ಇಂಜಿನಿಯರ್ ಆದರು. ಅಪ್ಪನ ಚರ್ಮದ ಅಂಗಡಿಯಲ್ಲಿ ಕೆಲಸಕ್ಕೆ 1860ರಲ್ಲಿ ಬಂದ ಗ್ರ್ಯಾಂಟ್ ಜೊತೆ ಇದೇ ಊರಲ್ಲಿ ಅವರಿಗೆ ಸ್ನೇಹವಾಯಿತು. ಅಂತರ್ಯುದ್ಧದ ಕೊನೆಗೆ, 1865ರ ಏಪ್ರಿಲ್ 9ರಂದು ದಕ್ಷಿಣದ ಸೇನೆಯ ಜನರಲ್ ಲೀ ಶರಣಾದಾಗ, ಗ್ರ್ಯಾಂಟ್ ಹಾಕಿದ ಷರತ್ತುಗಳ ಕೊನೆಯ ಪ್ರತಿಯನ್ನು ಕೈಯಾರೆ ಬರೆದದ್ದು ಇದೇ ಪಾರ್ಕರ್.

ಮಾವನವರು ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್ ಆಗಿದ್ದವರು. ಈ ಕಥೆ ಕೇಳಿದ ಮೇಲೆ ಆ ಗೋಡೆಯ ಕಲ್ಲುಗಳ ಸಂದಿನ ಮೇಲೆ ಬೆರಳಾಡಿಸುತ್ತಾ ಸುಮಾರು ಹೊತ್ತು ಸುಮ್ನೆ ನಿಂತಿದ್ದರು. ಈಗಲೂ ಅದು ಅಂಚೆ ಕಚೇರಿಯೇ, ರಜೆಯಿಲ್ಲದ ದಿನ ಹೋಗಿ. ಅವರು ಒಳಗೆ ಹೋಗಿ ಸ್ಟ್ಯಾಂಪು ಕೊಂಡು, ಸಾಗರದಲ್ಲಿರುವ ತಮ್ಮನಿಗೆ ಕನ್ನಡದಲ್ಲೇ ಎರಡು ಸಾಲು ಬರೆದು ಕಾರ್ಡು ಹಾಕಿ ಬಂದರು.