ಕೆರೆ ಹೂಳಿನ ಕಪ್ಪು ಪದರ ಎಷ್ಟು ಹಳೇದು?

ಅರಸೀಕೆರೆ ಕಡೆಯ ನಿಮ್ಮೂರ ಕೆರೆ ಹೂಳೆತ್ತುವಾಗ ಕಂಡ ಕಪ್ಪು ಪದರ ಸಾವಿರಾರು ವರ್ಷ ಹಿಂದಿನ ಬರಗಾಲದ ಗುರುತಾ ಅಂತ ಕೇಳಿದ್ದೀರಿ. ಅಲ್ಲ ಸರ್. ಅದು ಏರಿ ಹಾಕಿ ಕಟ್ಟಿದ ಕೆರೆ. ಏರಿಗಿಂತ ಮುಂಚೆ ಅಲ್ಲಿ ಕೆರೆ ಹೂಳು ಕೂತಿರೋಕಾಗಲ್ಲ. ಮೇಲಾಗಿ ಹಿರಿಯರು ಬೇಸಿಗೆಯಲ್ಲಿ ಗೋಡು ತೆಗೆದು ಗದ್ದೆಗೆ ಹೊಡೀತಿದ್ರಲ್ಲ, ಪದರಗಳು ಆಗಲೇ ಕಲಸಿಹೋಗಿರುತ್ತವೆ. ಜೆಸಿಬಿ ಬಂದಮೇಲೆ ಕೇಳೋದೇ ಬೇಡ. ಕಪ್ಪು ಬಣ್ಣ ಸಾಮಾನ್ಯವಾಗಿ ಗಾಳಿಯಾಡದೆ ಕೊಳೆತ ಸೊಪ್ಪುಸದೆಯದ್ದು.

ಅಷ್ಟು ಹಳೇ ಕಥೆಗೆ ಸಹಜ ಸರೋವರವೇ ಬೇಕು. ಹರಿಯಾಣದ ಕೋಟ್ಲಾ ದಾಹರ್ ಈಗ ಒಣಗಿದೆ, ಆದರೆ ಅದರ ಹೂಳಲ್ಲಿ ಬಸವನಹುಳದ ಚಿಪ್ಪುಗಳಿವೆ. ನೀರು ಆವಿಯಾಗುವಾಗ ಹಗುರ ಆಮ್ಲಜನಕ ಹೆಚ್ಚು ಹಾರಿಹೋಗುತ್ತೆ, ಭಾರದ್ದು, ಅಂದರೆ ಆಕ್ಸಿಜನ್-18, ಹೆಚ್ಚಾಗಿ ಉಳಿಯುತ್ತೆ. ಆ ನೀರಿಂದಲೇ ಹುಳ ಚಿಪ್ಪು ಕಟ್ಟಿಕೊಳ್ಳುತ್ತೆ. ಸುಮಾರು 4,100 ವರ್ಷ ಹಿಂದಿನ ಚಿಪ್ಪುಗಳಲ್ಲಿ ಈ ಭಾರದ ಆಮ್ಲಜನಕ ದಿಢೀರ್ ಏರಿದೆ: ಮುಂಗಾರು ಕುಗ್ಗಿದ ಲೆಕ್ಕ. ಸಿಂಧೂ ನಗರಗಳು ಬರಿದಾಗತೊಡಗಿದ್ದೂ ಹೆಚ್ಚುಕಮ್ಮಿ ಆಗಲೇ. ಅದೊಂದೇ ಕಾರಣ ಅಂತ ಮಾತ್ರ ನಾನು ಹೇಳಲಾರೆ.

ನಿಮ್ಮ ಪದರದಲ್ಲಿ ಇದ್ದಿಲ ಚೂರು ಕಂಡರೆ ಬರಿಗೈಲಿ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಿ. ಇದ್ದಿಲು ಎಷ್ಟು ಹಳೇದು ಅಂತ ಹೇಳೋ ಕಾರ್ಬನ್-14 ಪರೀಕ್ಷೆಗೆ ಅಷ್ಟೇ ಸಾಕು.