ಪೋಪ್ ಆಳಿದ ನಾಡಿನ ತಾಮ್ರದ ನಾಣ್ಯದ ಮೇಲೆ ಮೇರಿ ಮಾತೆ ಯಾಕೆ?

ಪ್ರಶ್ನೆ: ರೋಮ್‌ಗೆ ಹೋಗಿದ್ದ ನಮ್ಮಣ್ಣ ಅಲ್ಲಿನ ಸಂತೆಯಿಂದ ದಪ್ಪನೆಯ ತಾಮ್ರದ ಬಿಲ್ಲೆಯೊಂದನ್ನು ತಂದಿದ್ದಾರೆ. ಒಂದು ಕಡೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸಿನ ಮುಖ, ಇನ್ನೊಂದು ಕಡೆ ‘ಬಯೋಕ್ಕಿ ಚಿಂಕ್ವೆ ರೋಮಾ 1797’ ಎಂದಿದೆ. ಇದು ನಾಣ್ಯವೋ, ಚರ್ಚಿನ ಪದಕವೋ? ಕಪ್ಪಾಗಿದೆ, ತೊಳೆಯಬಹುದಾ?

ಉತ್ತರ: ನಾಣ್ಯವೇ. ಬೆಲೆ ಐದು ಬಯೋಕ್ಕಿ (ಅಲ್ಲಿನ ಚಿಲ್ಲರೆ ಹಣ; ಒಂದೇ ಆದರೆ ‘ಬಯೋಕ್ಕೊ’). ಮೇರಿ ಮಾತೆಯ ಮುಖ ಇರುವುದರಿಂದ ಸಂಗ್ರಾಹಕರು ಇದನ್ನು ‘ಮಡೊನ್ನೀನಾ’ ಎನ್ನುತ್ತಾರೆ. ಮುಖದ ಸುತ್ತ ‘ಸಾಂಕ್ತಾ ದೇಯಿ ಜೆನಿಟ್ರಿಕ್ಸ್’, ಅಂದರೆ ದೇವರ ಪವಿತ್ರ ತಾಯಿ ಎಂದಿರಬೇಕು. ಇನ್ನೊಂದು ಬದಿಯ ಅಂಚಿನಲ್ಲಿ ಆರನೇ ಪಿಯುಸ್ ಪೋಪ್ ಹೆಸರು, ಆಳ್ವಿಕೆಯ 23ನೇ ವರ್ಷ ಎಂಬ ಬರಹ ಹುಡುಕಿ. ಅವರು ಪೋಪ್ ಆದದ್ದು 1775ರಲ್ಲಿ, ಲೆಕ್ಕ ಸರಿಹೋಗುತ್ತದೆ.

ಆಗ ಇಟಲಿಯ ನಡುಭಾಗಕ್ಕೆ ಪೋಪ್ ಬರೀ ಧರ್ಮಗುರು ಅಲ್ಲ, ದೊರೆಯೂ ಹೌದು. ಅಲ್ಲಿನ ಲೆಕ್ಕದಲ್ಲಿ ಐದು ಕ್ವಾಟ್ರೀನಿಗೆ ಒಂದು ಬಯೋಕ್ಕೊ, ನೂರು ಬಯೋಕ್ಕಿಗೆ ಒಂದು ಸ್ಕೂದೊ. ತಾಮ್ರ ಇದ್ದದ್ದು ಚಿಲ್ಲರೆಗೆ: ಕ್ವಾಟ್ರೀನೊ, ಅರ್ಧ ಬಯೋಕ್ಕೊ, ಒಂದು, ಎರಡು. ಐದು ಬಯೋಕ್ಕಿಗೆ ‘ಗ್ರೋಸ್ಸೊ’ ಎಂಬ ಪುಟ್ಟ ಬೆಳ್ಳಿ ನಾಣ್ಯವಿತ್ತು. ಬೆಳ್ಳಿಯ ಜಾಗಕ್ಕೆ ತಾಮ್ರ ಬಂತು ಅಂದರೆ ಖಜಾನೆಯಲ್ಲಿ ಏನೋ ಕೆಟ್ಟಿದೆ ಅಂತಲೇ ಅರ್ಥ, ಅಲ್ವಾ?

ಕೆಟ್ಟಿದ್ದಂತೂ ನಿಜ. ಕಾಗದದ ನೋಟುಗಳು ಜಾಸ್ತಿಯಾಗಿ ಮೊದಲೇ ಬೆಲೆ ಕಳೆದುಕೊಂಡಿದ್ದವು. ಅದರ ಮೇಲೆ ನೆಪೋಲಿಯನ್ ಬಂದ. 1796ರ ಜೂನ್‌ನಲ್ಲಿ ಬೊಲೋನ್ಯಾದ ಕದನವಿರಾಮಕ್ಕೆ 2.1 ಕೋಟಿ ಲಿವ್ರ್ (ಫ್ರೆಂಚ್ ಹಣ) ದಂಡ ಕೇಳಿದ. 1797ರ ಫೆಬ್ರವರಿಯಲ್ಲಿ ತೊಲೆಂತೀನೊ ಒಪ್ಪಂದದಲ್ಲಿ ಇನ್ನಷ್ಟು ಹೇರಿದ. ನಾಡಿನ ಚಿನ್ನ, ಬೆಳ್ಳಿ ಅತ್ತ ಹರಿಯಿತು. ಇತ್ತ ಪೇಟೆಗೆ ದುಡ್ಡು ಬೇಕೇ ಬೇಕಲ್ಲ. ಹಾಗಾಗಿ ಮಡೊನ್ನೀನಾ ಹುಟ್ಟಿತು. ಸಂತ ಪೇತ್ರನ ಮುಖದ ಎರಡೂವರೆ ಬಯೋಕ್ಕಿಯ ‘ಸಾಂಪಿಯೆತ್ರೀನೊ’ ಕೂಡ ಇದೇ ಕಷ್ಟಕಾಲದ್ದು.

ಆ ಮುಖಗಳನ್ನು ಸುಮ್ನೆ ಆರಿಸಿದ್ದಲ್ಲ ಅಂತ ನನಗನಿಸುತ್ತದೆ. ನಾಣ್ಯದಲ್ಲಿದ್ದ ತಾಮ್ರಕ್ಕೆ ಐದು ಬಯೋಕ್ಕಿ ಬೆಲೆ ಇರಲಿಲ್ಲ. ಅದನ್ನು ನಂಬಿ ಕೈಗೆ ತೆಗೆದುಕೊಳ್ಳಬೇಕಾದವರು ತರಕಾರಿ ಮಾರುವವರು, ಕೂಲಿಯವರು. ಅವರು ದಿನಾ ಕೈಮುಗಿಯುವ ಮುಖವನ್ನೇ ಅಚ್ಚು ಹಾಕಿದರು. ಆದರೆ ಲೋಹ ಅಗ್ಗ, ಮುಖಬೆಲೆ ದುಬಾರಿ ಅಂದಮೇಲೆ ಕಳ್ಳ ಟಂಕಸಾಲೆಯವರು ಬಿಡುತ್ತಾರೆಯೇ? ಆಗಲೇ ನಕಲಿಗಳು ಬಂದವು. ನಿಮ್ಮದರಲ್ಲಿ ಅಕ್ಷರ ಸೊಟ್ಟಗಿದ್ದರೆ, ಮುಖ ಒರಟಾಗಿದ್ದರೆ ಅದೂ ಆ ಕಾಲದ ನಕಲಿ ಇರಬಹುದು. ಅದಕ್ಕೂ ಸಂಗ್ರಾಹಕರಿದ್ದಾರೆ.

ಪೆರೂಜಾ, ಅಂಕೋನಾ, ಫೋಲಿನ್ಯೊ, ವಿತೆರ್ಬೊ, ಗುಬ್ಬಿಯೊ ಹೀಗೆ ಹಲವು ಊರುಗಳಲ್ಲಿ ಆ ತುರ್ತಿನಲ್ಲಿ ಟಂಕಸಾಲೆಗಳು ನಡೆದವು. ರೋಮ್‌ನದು ಹೇರಳ. ಚಿಕ್ಕ ಊರಿನ ಹೆಸರಿದ್ದರೆ ಬೆಲೆ ಹೆಚ್ಚು. ಅಣ್ಣ ಮತ್ತೆ ಹೋದರೆ ರೊಂಚಿಲಿಯೋನೆಯ 1799ರ ತಾಮ್ರದ ನಾಣ್ಯ ಕಣ್ಣಿಗೆ ಬಿದ್ದರೆ ನೋಡಲಿ. ಫ್ರೆಂಚ್ ಸೈನ್ಯ ಆ ಊರನ್ನು ಸುಟ್ಟಿತ್ತು, ನಾಣ್ಯದ ಮೇಲೆ ಉರಿಯುತ್ತಿರುವ ಊರಿನ ಚಿತ್ರವೇ ಇದೆ.

ತೊಳೆಯುವ ವಿಷಯ: ದಯವಿಟ್ಟು ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ ಯಾವುದನ್ನೂ ಹಚ್ಚಬೇಡಿ. ಆ ಕಪ್ಪು ಪದರವೇ ನಾಣ್ಯವನ್ನು ಕಾಯುತ್ತಿದೆ. ಉಜ್ಜಿದರೆ ಅಕ್ಷರವೂ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ಒಣಗಿದ ಕಾಗದದ ಲಕೋಟೆಯಲ್ಲಿಡಿ, ಮೆತ್ತನೆಯ ಪಿವಿಸಿ ಚೀಲ ಬೇಡ. ಪುಡಿಪುಡಿಯಾದ ತಿಳಿಹಸಿರು ಚುಕ್ಕೆ ಕಂಡರೆ ಮಾತ್ರ ತಡಮಾಡದೆ ಲೋಹ ಸಂರಕ್ಷಣೆ ಬಲ್ಲವರಿಗೆ ತೋರಿಸಿ, ಅದು ಹರಡುತ್ತದೆ.